ಸಸ್ಯಗಳ ಈಸ್ಟ್ರೋಜನ್ನೂ ಮೂಳೆಯ ಸವೆತವೂ

ವಯಸ್ಸಾದ ಹೆಂಗಸರೊಬ್ಬರು ಬಚ್ಚಲಮನೆಯಲ್ಲಿ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆಂಬ ಸುದ್ದಿ ನಮ್ಮ ಊರುಕೇರಿಗಳಲ್ಲಿ ಅಪರೂಪವಾದುದೇನೂ ಅಲ್ಲ. ಬಿದ್ದುದರಿಂದ ಮೂಳೆ ಮುರಿಯಿತೆಂದು ನೆರೆಹೊರೆಯವರು ಹೇಳುತ್ತಾರೆ. ಆದರೆ ಅದೇ ನೆಲದ ಮೇಲೆ ಅದೇ ರೀತಿಯಲ್ಲಿ ಅವರ ಮೊಮ್ಮಗಳು ಬಿದ್ದಿದ್ದರೆ ಮೊಣಕೈ ತರಚಿಕೊಂಡು ಎದ್ದುಬಿಡುತ್ತಿದ್ದಳು. ಬಿದ್ದದ್ದು ನೆಪ ಮಾತ್ರ. ಮುರಿಯುವುದಕ್ಕೆ ಬೇಕಾದ ಸಿದ್ಧತೆ ಇಪ್ಪತ್ತು ಮೂವತ್ತು ವರ್ಷಗಳಿಂದ ಮೂಳೆಯೊಳಗೆ ಸದ್ದಿಲ್ಲದೆ ನಡೆದುಬಂದಿರುತ್ತದೆ. ಈ ಸ್ಥಿತಿಗೆ ವೈದ್ಯರು ಆಸ್ಟಿಯೋಪೊರೋಸಿಸ್ ಎನ್ನುತ್ತಾರೆ. ಕನ್ನಡದಲ್ಲಿ ಅಸ್ಥಿರಂಧ್ರತೆ ಎನ್ನಬಹುದು. ಸೊಂಟದ ಬಳಿ ತೊಡೆಯ ಮೂಳೆ ಮುರಿದ ವೃದ್ಧರಲ್ಲಿ ಸುಮಾರು ಐವರಿಗೊಬ್ಬರು ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆಂದು ಪಾಶ್ಚಾತ್ಯ ದೇಶಗಳ ಲೆಕ್ಕಗಳು ತಿಳಿಸುತ್ತವೆ. ಬದುಕುಳಿದವರಲ್ಲಿಯೂ ಅನೇಕರು ಮೊದಲಿನಂತೆ ಸ್ವತಂತ್ರವಾಗಿ ನಡೆದಾಡಲಾರರು. ಆದುದರಿಂದ ಇದು ಸಣ್ಣ ವಿಷಯವಲ್ಲ.

ಈ ಸವೆತವನ್ನು ತಡೆಯಲು ಸೋಯಾ ಮೊದಲಾದ ಸಸ್ಯಗಳಲ್ಲಿರುವ ಕೆಲವು ವಸ್ತುಗಳು ನೆರವಾಗುವುವೆಂಬ ಮಾತು ಕೆಲವು ದಶಕಗಳಿಂದ ಕೇಳಿಬರುತ್ತಿದೆ. ಸ್ತ್ರೀಯರ ಶರೀರದಲ್ಲಿ ಉತ್ಪನ್ನವಾಗುವ ಈಸ್ಟ್ರೋಜನ್ ಎಂಬ ಹಾರ್ಮೋನನ್ನು ಈ ವಸ್ತುಗಳು ಹೋಲುತ್ತವೆ. ಆ ಕಾರಣದಿಂದ ಇವುಗಳಿಗೆ ಸಸ್ಯಜನ್ಯ ಈಸ್ಟ್ರೋಜನ್ನುಗಳೆಂದು ಹೆಸರು. ಔಷಧದ ಅಂಗಡಿಗಳಲ್ಲಿ ಇವುಗಳ ಗುಳಿಗೆಗಳೂ ದೊರೆಯುತ್ತವೆ. ಈ ಮಾತಿನಲ್ಲಿ ಹುರುಳೆಷ್ಟು, ಪೊಳ್ಳೆಷ್ಟು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಭೌತಶಾಸ್ತ್ರವನ್ನು ಬೋಧಿಸುವ ನಾವು ವೈದ್ಯಕೀಯ ವಿಷಯಕ್ಕೆ ಕೈ ಹಾಕುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ಆದರೆ ಒಂದು ವಸ್ತು ಯಾವಾಗ ಮುರಿಯುತ್ತದೆ, ಏಕೆ ಮುರಿಯುತ್ತದೆ ಎಂಬ ಪ್ರಶ್ನೆ ಮೂಲತಃ ನಮ್ಮ ಶಾಸ್ತ್ರಕ್ಕೇ ಸೇರಿದುದು. ಅಲ್ಲಿಂದಲೇ ಆರಂಭಿಸೋಣ.

ಮೂಳೆಯೆಂದರೆ ಕಲ್ಲಿನಂತೆ ಜಡವಾದುದೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವವಾಗಿ ಅದು ಎರಡು ವಸ್ತುಗಳ ಹೆಣಿಗೆ. ಕೊಲ್ಯಾಜನ್ ಎಂಬ ಪ್ರೋಟೀನಿನ ಎಳೆಗಳು ಒಂದು. ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳಿಂದಾದ ಹೈಡ್ರಾಕ್ಸಿಅಪಟೈಟ್ ಎಂಬ ಖನಿಜದ ಅತಿ ಸೂಕ್ಷ್ಮ ಹರಳುಗಳು ಇನ್ನೊಂದು. ಉಕ್ಕಿನ ಕಂಬಿಯನ್ನಿಟ್ಟು ಹಾಕಿದ ಕಾಂಕ್ರೀಟನ್ನು ಇದಕ್ಕೆ ಹೋಲಿಸಬಹುದು: ಒತ್ತಡವನ್ನು ಹರಳುಗಳು ತಡೆದುಕೊಳ್ಳುತ್ತವೆ, ಎಳೆತವನ್ನು ಎಳೆಗಳು ತಡೆದುಕೊಳ್ಳುತ್ತವೆ. ಆದರೆ ಕಾಂಕ್ರೀಟಿನ ಗೋಡೆ ಒಮ್ಮೆ ಕಟ್ಟಿದರೆ ಹಾಗೆಯೇ ನಿಲ್ಲುತ್ತದೆ; ಮೂಳೆ ಹಾಗಲ್ಲ. ಅದರಲ್ಲಿ ಕೆಡಹುವ ಕೆಲಸವೂ ಕಟ್ಟುವ ಕೆಲಸವೂ ಏಕಕಾಲದಲ್ಲಿ ನಡೆಯುತ್ತಿರುತ್ತವೆ. ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಆಮ್ಲವನ್ನು ಸ್ರವಿಸಿ ಹಳೆಯ ಮೂಳೆಯನ್ನು ಕರಗಿಸುತ್ತವೆ. ಇವುಗಳನ್ನು ಭಂಜಕ ಕೋಶಗಳೆಂದು ಕರೆಯೋಣ. ಅವು ತೋಡಿದ ಗುಳಿಯನ್ನು ಆಸ್ಟಿಯೋಬ್ಲಾಸ್ಟ್ ಎಂಬ ರಚಕ ಕೋಶಗಳು ತುಂಬುತ್ತವೆ. ಒಂದು ಗುಳಿಯನ್ನು ತೋಡಲು ಕೆಲವೇ ವಾರಗಳು ಸಾಕು; ಅದನ್ನು ತುಂಬಲು ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಹೀಗೆ ವಯಸ್ಕರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಹತ್ತನೆಯ ಒಂದು ಪಾಲು ಹೊಸದಾಗುತ್ತದೆ. ಕೆಡಹುವುದೂ ಕಟ್ಟುವುದೂ ಸರಿದೂಗುವವರೆಗೆ ತೊಂದರೆಯಿಲ್ಲ. ಕೆಡಹುವ ಆಳುಗಳು ಹೆಚ್ಚಿದರೆ, ಕಟ್ಟುವ ಕೆಲಸ ನಿಧಾನವಾದುದರಿಂದ, ಲೆಕ್ಕದಲ್ಲಿ ವರ್ಷದಿಂದ ವರ್ಷಕ್ಕೆ ಕೊರತೆ ಬೀಳುತ್ತಾ ಹೋಗುತ್ತದೆ.

ಕೊರತೆ ಬಿದ್ದ ಮಾತ್ರಕ್ಕೆ ಮೂಳೆ ಏಕೆ ಇಷ್ಟು ದುರ್ಬಲವಾಗಬೇಕು? ಬೆನ್ನುಮೂಳೆಯ ಮಣಿಗಳ ಒಳಭಾಗವೂ ತೊಡೆಯ ಮೂಳೆಯ ಕತ್ತಿನ ಒಳಭಾಗವೂ ಗಟ್ಟಿಯಾಗಿರುವುದಿಲ್ಲ. ಸಣ್ಣ ಸಣ್ಣ ಕಂಬಗಳೂ ಅಡ್ಡಪಟ್ಟಿಗಳೂ ಹೆಣೆದುಕೊಂಡ ಸ್ಪಂಜಿನಂತಿರುತ್ತದೆ. ಇಂತಹ ಮೂಳೆಯ ತುಂಡುಗಳನ್ನು ಯಂತ್ರದಲ್ಲಿಟ್ಟು ಅದುಮಿ ನೋಡಿದಾಗ, ಅದರ ಬಲ ಸಾಂದ್ರತೆಯ ವರ್ಗಕ್ಕೆ ಅನುಗುಣವಾಗಿರುವುದು ಕಂಡುಬಂದಿದೆ. ಎಂದರೆ ಸಾಂದ್ರತೆ ಶೇಕಡಾ ೧೦ ಕಡಮೆಯಾದರೆ ಬಲ ಶೇಕಡಾ ೧೯ ಕಡಮೆಯಾಗುತ್ತದೆ. ಸಾಂದ್ರತೆ ಶೇಕಡಾ ೩೦ ಕಡಮೆಯಾದರೆ ಬಲ ಅರ್ಧಕ್ಕೇ ಇಳಿಯುತ್ತದೆ. ಇದರ ಜೊತೆಗೆ ಇನ್ನೊಂದು ಸಂಗತಿಯಿದೆ. ತೆಳ್ಳಗಿನ ಕಂಬವೊಂದು ಭಾರದಿಂದ ಬಾಗಿ ಕುಸಿಯುವ ಮಿತಿಯನ್ನು ೧೮ನೆಯ ಶತಮಾನದಲ್ಲಿಯೇ ಆಯ್ಲರ್ ಎಂಬ ಗಣಿತಜ್ಞನು ಲೆಕ್ಕಹಾಕಿದ್ದನು. ಆಧಾರವಿಲ್ಲದ ಉದ್ದ ಇಮ್ಮಡಿಯಾದರೆ ಕಂಬ ಹೊರಬಲ್ಲ ಭಾರ ಕಾಲುಭಾಗಕ್ಕಿಳಿಯುತ್ತದೆ. ಮೂಳೆಯೊಳಗಿನ ಅಡ್ಡಪಟ್ಟಿಯೊಂದು ಸವೆದು ಕಡಿದುಹೋದಾಗ ಆಗುವುದು ಇದೇ: ಕಳೆದುಹೋದ ವಸ್ತು ಅತ್ಯಲ್ಪ, ಆದರೆ ಅದನ್ನು ನಂಬಿ ನಿಂತಿದ್ದ ಕಂಬ ಒಮ್ಮೆಲೇ ನಾಲ್ಕು ಪಾಲು ದುರ್ಬಲ. ಅಲ್ಲದೆ ರಚಕ ಕೋಶಗಳು ಇರುವ ಮೂಳೆಯ ಮೇಲ್ಮೈಯಲ್ಲಿ ಮಾತ್ರ ಕಟ್ಟಬಲ್ಲವು. ಕಡಿದುಹೋದ ಪಟ್ಟಿಗೆ ಮತ್ತೆ ಸೇತುವೆ ಹಾಕುವುದು ಅವುಗಳಿಗೆ ಬಹಳ ಕಷ್ಟ. ಈ ರೋಗದಲ್ಲಿ ಚಿಕಿತ್ಸೆಗಿಂತ ಮುಂಜಾಗ್ರತೆಗೆ ವೈದ್ಯರು ಹೆಚ್ಚು ಬೆಲೆ ಕೊಡುವುದಕ್ಕೆ ಇದೊಂದು ಕಾರಣ.

ಸವೆತವನ್ನು ಅಳೆಯುವ ವಿಧಾನವೂ ಭೌತಶಾಸ್ತ್ರದ ಕೊಡುಗೆಯೇ. ಬೇರೆಬೇರೆ ಶಕ್ತಿಯ ಎರಡು ಕ್ಷ-ಕಿರಣಗಳನ್ನು ಶರೀರದ ಮೂಲಕ ಹಾಯಿಸುತ್ತಾರೆ. ಮಾಂಸವೂ ಮೂಳೆಯೂ ಈ ಎರಡು ಕಿರಣಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಹೀರುವುದರಿಂದ ಎರಡು ಸಮೀಕರಣಗಳು ದೊರೆಯುತ್ತವೆ. ಅವುಗಳನ್ನು ಬಿಡಿಸಿದರೆ ಮೂಳೆಯ ಪಾಲೆಷ್ಟೆಂದು ತಿಳಿಯುತ್ತದೆ. ಫಲವನ್ನು ಚದರ ಸೆಂಟಿಮೀಟರಿಗೆ ಇಷ್ಟು ಗ್ರಾಂ ಎಂದು ಹೇಳಿ, ಅದನ್ನೇ ಸಾಂದ್ರತೆಯೆಂದು ಕರೆಯುವುದು ವೈದ್ಯರ ರೂಢಿ. ಚದರ ಅಳತೆಗೆ ಸಾಂದ್ರತೆಯ ಹೆಸರು ಕೊಟ್ಟ ವಿದ್ಯಾರ್ಥಿಗೆ ನಾವಾದರೆ ಅಂಕ ಕಳೆಯುತ್ತಿದ್ದೆವು! ಅದಿರಲಿ. ಆರೋಗ್ಯವಂತ ತರುಣಿಯರ ಸರಾಸರಿಗಿಂತ ಈ ಅಳತೆ ಎರಡೂವರೆ ಪ್ರಮಾಣ ವಿಚಲನೆಗಳಷ್ಟು ಅಥವಾ ಅದಕ್ಕಿಂತಲೂ ಕೆಳಗಿದ್ದರೆ ಅದನ್ನು ಅಸ್ಥಿರಂಧ್ರತೆಯೆಂದು ಪರಿಗಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ೧೯೯೪ರಲ್ಲಿ ಗೊತ್ತುಮಾಡಿದರು.

ಇನ್ನು ಈಸ್ಟ್ರೋಜನ್ನಿನ ವಿಷಯ. ಬಾಸ್ಟನ್ ನಗರದ ವೈದ್ಯ ಫುಲ್ಲರ್ ಆಲ್‌ಬ್ರೈಟ್ ಮತ್ತು ಅವನ ಸಹೋದ್ಯೋಗಿಗಳು ೧೯೪೦-೪೧ರಲ್ಲಿ ತಮ್ಮಲ್ಲಿಗೆ ಬಂದ ಅಸ್ಥಿರಂಧ್ರತೆಯ ರೋಗಿಗಳನ್ನು ವಿಂಗಡಿಸಿ ನೋಡಿದಾಗ, ಅರುವತ್ತೈದು ವರ್ಷಕ್ಕಿಂತ ಚಿಕ್ಕವರಲ್ಲಿ ಬಹುತೇಕ ಎಲ್ಲರೂ ಮುಟ್ಟು ನಿಂತ ಹೆಂಗಸರೇ ಆಗಿದ್ದರು. ಮುಟ್ಟು ನಿಂತಾಗ ಅಂಡಾಶಯದಿಂದ ಬರುವ ಈಸ್ಟ್ರೋಜನ್ ಬತ್ತುತ್ತದೆ. ಮೂಳೆಯ ಸವೆತಕ್ಕೆ ಈ ಅಭಾವವೇ ಕಾರಣವೆಂದು ಅವನು ಊಹಿಸಿದನು. ಊಹೆ ಸರಿಯಾಗಿತ್ತು. ಅದರ ಒಳಗುಟ್ಟು ಬಿಡಿಸಿಕೊಂಡದ್ದು ಮಾತ್ರ ೧೯೯೦ರ ದಶಕದ ಕೊನೆಯಲ್ಲಿ. ರಚಕ ಕೋಶಗಳ ಬಳಗವು ಭಂಜಕ ಕೋಶಗಳನ್ನು ಬಡಿದೆಬ್ಬಿಸುವ ಪ್ರೋಟೀನೊಂದನ್ನು ತಯಾರಿಸುತ್ತದೆ. ಆ ಪ್ರೋಟೀನನ್ನು ಹಿಡಿದು ಕಟ್ಟಿಹಾಕುವ ಇನ್ನೊಂದನ್ನೂ ತಯಾರಿಸುತ್ತದೆ. ಎರಡನೆಯದಕ್ಕೆ ಆಸ್ಟಿಯೋಪ್ರೊಟೆಗೆರಿನ್, ಎಂದರೆ ಅಸ್ಥಿರಕ್ಷಕ, ಎಂದು ಹೆಸರು. ಈಸ್ಟ್ರೋಜನ್ ಇರುವಾಗ ಅಸ್ಥಿರಕ್ಷಕದ ಕೈ ಮೇಲಾಗಿರುತ್ತದೆ. ಅದು ಇಲ್ಲವಾದಾಗ ಭಂಜಕ ಕೋಶಗಳ ಸಂಖ್ಯೆಯೂ ಅವುಗಳ ಆಯುಸ್ಸೂ ಹೆಚ್ಚುತ್ತವೆ. ಮುಟ್ಟು ನಿಲ್ಲುವ ಆಸುಪಾಸಿನ ಕೆಲವು ವರ್ಷಗಳಲ್ಲಿ ಬೆನ್ನುಮೂಳೆಯ ಸವೆತ ವರ್ಷಕ್ಕೆ ಶೇಕಡಾ ೨ರಷ್ಟಿರುವುದುಂಟು. ನಮ್ಮ ದೇಶದ ಸ್ತ್ರೀಯರಲ್ಲಿ ಮುಟ್ಟು ನಿಲ್ಲುವುದು ಸರಾಸರಿ ೪೬-೪೭ನೆಯ ವಯಸ್ಸಿಗೆ. ಪಾಶ್ಚಾತ್ಯರಲ್ಲಿ ಸುಮಾರು ೫೧ಕ್ಕೆ. ನಮ್ಮವರ ಮೂಳೆಗೆ ಈಸ್ಟ್ರೋಜನ್ನಿನ ರಕ್ಷಣೆ ನಾಲ್ಕೈದು ವರ್ಷ ಮೊದಲೇ ತಪ್ಪುತ್ತದೆಂಬುದನ್ನು ವಾಚಕರು ಗಮನಿಸಬೇಕು.

ಕಾರಣ ತಿಳಿದ ಮೇಲೆ ಪರಿಹಾರವೂ ಹೊಳೆಯುತ್ತದೆ: ಕಡಮೆಯಾದುದನ್ನು ಹೊರಗಿನಿಂದ ತುಂಬುವುದು. ಈ ಉಪಾಯ ಮೂಳೆಯ ಮಟ್ಟಿಗೆ ಫಲಕಾರಿಯೆಂಬುದರಲ್ಲಿ ಸಂಶಯವಿಲ್ಲ. ಅಮೆರಿಕದಲ್ಲಿ ೧೬,೬೦೮ ಸ್ತ್ರೀಯರ ಮೇಲೆ ನಡೆದ ಬೃಹತ್ ಪರೀಕ್ಷೆಯೊಂದರಲ್ಲಿ ಈಸ್ಟ್ರೋಜನ್ನನ್ನೂ ಅದರ ಜೊತೆಗೆ ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನನ್ನೂ ಪಡೆದವರಲ್ಲಿ ಸೊಂಟದ ಮೂಳೆಮುರಿತಗಳು ಸುಮಾರು ಮೂರನೆಯ ಒಂದು ಪಾಲು ಕಡಮೆಯಾದವು. ಆದರೆ ಅದೇ ಪರೀಕ್ಷೆಯನ್ನು ೨೦೦೨ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಔಷಧ ಪಡೆದವರಲ್ಲಿ ಸ್ತನದ ಕ್ಯಾನ್ಸರೂ ಪಾರ್ಶ್ವವಾಯುವೂ ಹೆಚ್ಚಾಗಿ ಕಂಡವು. ಲೆಕ್ಕವನ್ನು ಪೂರ್ತಿಯಾಗಿ ಹೇಳುವುದು ನ್ಯಾಯ. ಹತ್ತು ಸಾವಿರ ಸ್ತ್ರೀಯರಲ್ಲಿ ವರ್ಷಕ್ಕೆ ಸ್ತನದ ಕ್ಯಾನ್ಸರು ೩೦ರಿಂದ ೩೮ಕ್ಕೆ ಏರಿತು. ಸೊಂಟದ ಮುರಿತ ೧೫ರಿಂದ ೧೦ಕ್ಕೆ ಇಳಿಯಿತು. ಆ ಪರೀಕ್ಷೆಯಲ್ಲಿದ್ದವರ ಸರಾಸರಿ ವಯಸ್ಸು ೬೩. ಅರುವತ್ತಕ್ಕಿಂತ ಚಿಕ್ಕವರಲ್ಲಿ, ಮುಟ್ಟು ನಿಂತು ಹತ್ತು ವರ್ಷಗಳೊಳಗಿನವರಲ್ಲಿ, ಲಾಭನಷ್ಟಗಳ ತಕ್ಕಡಿ ಬೇರೆಯಾಗಿ ತೂಗುತ್ತದೆಂದು ಬಳಿಕ ತಿಳಿದುಬಂದಿದೆ. ಆದರೆ ಆ ಸುದ್ದಿ ಹುಟ್ಟಿಸಿದ ಭಯ ಹಿಂದೆ ಸರಿಯಲಿಲ್ಲ. ಲಕ್ಷಾಂತರ ಸ್ತ್ರೀಯರು ಹಾರ್ಮೋನನ್ನು ತ್ಯಜಿಸಿದರು. ಅದರ ಗುಣವನ್ನುಳ್ಳ, ಅದರ ದೋಷವಿಲ್ಲದ ವಸ್ತು ಯಾವುದಾದರೂ ಉಂಟೇ ಎಂಬ ಅರಸುವಿಕೆ ತೀವ್ರವಾಯಿತು. ಸಸ್ಯಜನ್ಯ ಈಸ್ಟ್ರೋಜನ್ನುಗಳಿಗೆ ಶುಕ್ರದೆಸೆ ಬಂದದ್ದು ಆಗ.

ಸಸ್ಯಗಳಲ್ಲಿ ಇಂತಹ ವಸ್ತುಗಳಿವೆಯೆಂಬುದನ್ನು ಮನುಷ್ಯನಿಗೆ ಢಾಳಾಗಿ ತೋರಿಸಿಕೊಟ್ಟವು ಕುರಿಗಳು. ೧೯೪೦ರ ದಶಕದ ಆರಂಭದಲ್ಲಿ ಪಶ್ಚಿಮ ಆಸ್ಟ್ರೇಲಿಯದ ಕುರಿಗಾರರಿಗೆ ವಿಚಿತ್ರವಾದ ಸಂಕಟವೊಂದು ಒದಗಿತು. ಹುಲುಸಾದ ಹುಲ್ಲುಗಾವಲಿನಲ್ಲಿ ಮೇದು ಮೈತುಂಬಿಕೊಂಡಿದ್ದ ಹೆಣ್ಣು ಕುರಿಗಳು ಗಬ್ಬವಾಗದೆ ಹೋದವು. ಗಬ್ಬವಾದವುಗಳಲ್ಲಿಯೂ ಎಷ್ಟೋ ಕುರಿಗಳು ಈಯಲಾರದೆ ಸತ್ತವು. ಇನ್ನೂ ಆಶ್ಚರ್ಯವೆಂದರೆ, ಬೀಜ ಒಡೆದ ಗಂಡು ಕುರಿಗಳಲ್ಲಿ ಕೆಚ್ಚಲು ಬೆಳೆದು ಹಾಲು ಕಾಣಿಸಿಕೊಂಡಿತು! ಬೆನೆಟ್ಸ್, ಅಂಡರ್‌ವುಡ್ ಮತ್ತು ಷಿಯರ್ ಎಂಬ ಶಾಸ್ತ್ರಜ್ಞರು ಇದನ್ನು ಪರಿಶೀಲಿಸಿ, ಆ ಹುಲ್ಲುಗಾವಲುಗಳಲ್ಲಿ ದಟ್ಟವಾಗಿ ಬೆಳೆದಿದ್ದ ಕ್ಲೋವರ್ ಎಂಬ ಮೇವಿನ ಗಿಡದಲ್ಲಿ ಈಸ್ಟ್ರೋಜನ್ನಿನಂತೆ ವರ್ತಿಸುವ ವಸ್ತುವಿದೆಯೆಂದು ೧೯೪೬ರಲ್ಲಿ ಪ್ರಕಟಿಸಿದರು. ಆ ಗಿಡದಲ್ಲಿನ ಫಾರ್ಮೊನೊನೆಟಿನ್ ಎಂಬ ವಸ್ತು ಕುರಿಯ ಹೊಟ್ಟೆಯಲ್ಲಿನ ಸೂಕ್ಷ್ಮಜೀವಿಗಳಿಂದ ಮಾರ್ಪಟ್ಟು ಈಕ್ವಾಲ್ ಎಂಬ ಇನ್ನೊಂದು ವಸ್ತುವಾಗುತ್ತದೆಂದೂ, ಕೇಡಿಗೆಲ್ಲ ಮುಖ್ಯವಾಗಿ ಅದೇ ಮೂಲವೆಂದೂ ಮುಂದೆ ಗೊತ್ತಾಯಿತು. ಈಕ್ವಾಲ್ ಶಾಸ್ತ್ರಜ್ಞರಿಗೆ ಹೊಸದೇನೂ ಆಗಿರಲಿಲ್ಲ. ೧೯೩೨ರಲ್ಲಿಯೇ ಅದನ್ನು ಗಬ್ಬದ ಕುದುರೆಯ ಮೂತ್ರದಿಂದ ಬೇರ್ಪಡಿಸಿದ್ದರು, ಹೆಸರೂ ಕುದುರೆಯಿಂದಲೇ ಬಂದದ್ದು. ಈ ಈಕ್ವಾಲನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇವೆ. ಮನುಷ್ಯರ ಕಥೆಯಲ್ಲಿಯೂ ಅದು ಮತ್ತೆ ಬರುತ್ತದೆ. ಸಸ್ಯಮೂಲವೆಂದ ಮಾತ್ರಕ್ಕೆ ವಸ್ತು ನಿರಪಾಯಕಾರಿಯೆಂದು ತಿಳಿಯುವವರು ಆ ಕುರಿಗಳನ್ನೂ ನೆನೆಯಬಹುದು.

ಸೋಯಾದಲ್ಲಿರುವುದು ಇದೇ ಬಳಗದ ಜೆನಿಸ್ಟೀನ್ ಮತ್ತು ಡೈಡ್ಸೀನ್ ಎಂಬ ವಸ್ತುಗಳು. ಇವುಗಳನ್ನು ಒಟ್ಟಾಗಿ ಐಸೊಫ್ಲೇವೋನುಗಳೆನ್ನುತ್ತಾರೆ. ಗಿಡಕ್ಕೆ ಇವು ಹಾರ್ಮೋನುಗಳಲ್ಲ. ಬೇರಿನ ಗಂಟುಗಳಲ್ಲಿ ವಾಸಿಸುವ ಸಾರಜನಕದ ಬ್ಯಾಕ್ಟೀರಿಯಗಳನ್ನು ಕರೆಯಲೂ ಶಿಲೀಂಧ್ರಗಳಿಂದ ತನ್ನನ್ನು ಕಾಪಾಡಿಕೊಳ್ಳಲೂ ಗಿಡ ಇವುಗಳನ್ನು ಬಳಸುತ್ತದೆ. ಹಾಗಿರುವಾಗ ಮನುಷ್ಯನ ಶರೀರದಲ್ಲಿ ಇವು ಹಾರ್ಮೋನಿನ ಪಾತ್ರವನ್ನು ಹೇಗೆ ವಹಿಸುತ್ತವೆ? ಉತ್ತರವಿರುವುದು ಅಣುವಿನ ಆಕಾರದಲ್ಲಿ. ಕೋಶದೊಳಗೆ ಈಸ್ಟ್ರೋಜನ್ನನ್ನು ಹಿಡಿದುಕೊಳ್ಳುವ ಗ್ರಾಹಕವೆಂಬ ಪ್ರೋಟೀನಿದೆ, ಅದರಲ್ಲೊಂದು ಗೂಡಿದೆ. ಈಸ್ಟ್ರೋಜನ್ನಿನ ಅಣು ಚಪ್ಪಟೆಯಾಗಿದ್ದು, ಅದರ ಎರಡು ತುದಿಗಳಲ್ಲಿ ಆಮ್ಲಜನಕ-ಜಲಜನಕದ ಜೋಡಿಗಳಿವೆ. ಅವುಗಳ ನಡುವಣ ದೂರ ಸುಮಾರು ೧೧ ಆಂಗ್‌ಸ್ಟ್ರಮ್, ಎಂದರೆ ಮಿಲಿಮೀಟರಿನ ಕೋಟಿ ಭಾಗದಲ್ಲಿ ಹನ್ನೊಂದು ಭಾಗ. ಗೂಡಿನೊಳಗೆ ಈ ಎರಡು ತುದಿಗಳೂ ಸಿಕ್ಕಿಕೊಂಡರೆ ಕೀಲಿ ತಿರುಗಿದಂತಾಗುತ್ತದೆ. ಜೆನಿಸ್ಟೀನಿನ ಒಡಲು ಬೇರೆ; ಆದರೆ ಅದೂ ಚಪ್ಪಟೆ, ಅದರ ತುದಿಗಳಲ್ಲಿಯೂ ಅದೇ ಜೋಡಿಗಳು, ಅವುಗಳ ನಡುವಣ ದೂರವೂ ಹೆಚ್ಚು ಕಡಮೆ ಅಷ್ಟೆ. ಬೀಗಕ್ಕೆ ಇಷ್ಟು ಸಾಕು.

ಆದರೆ ಬೀಗಗಳು ಎರಡಿವೆ. ೧೯೯೬ರವರೆಗೆ ಒಂದೇ ಗ್ರಾಹಕವಿದೆಯೆಂದು ನಂಬಲಾಗಿತ್ತು. ಆ ವರ್ಷ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು ಎರಡನೆಯದನ್ನು ಕಂಡುಹಿಡಿದರು. ಮೊದಲನೆಯದು ಆಲ್ಫಾ, ಎರಡನೆಯದು ಬೀಟಾ. ಸ್ತನ ಮತ್ತು ಗರ್ಭಕೋಶಗಳಲ್ಲಿ ಕೋಶಗಳನ್ನು ವೃದ್ಧಿಗೆ ಪ್ರಚೋದಿಸುವುದು ಹೆಚ್ಚಾಗಿ ಆಲ್ಫಾ. ಜೆನಿಸ್ಟೀನ್ ಆಲ್ಫಾಕ್ಕಿಂತ ಬೀಟಾವನ್ನು ಸುಮಾರು ಇಪ್ಪತ್ತು ಪಾಲು ಗಟ್ಟಿಯಾಗಿ ಹಿಡಿಯುತ್ತದೆ. ಇದು ತಿಳಿದೊಡನೆ ಶಾಸ್ತ್ರಜ್ಞರಲ್ಲಿ ಉತ್ಸಾಹ ಮೂಡಿತು: ಸ್ತನವನ್ನೂ ಗರ್ಭಕೋಶವನ್ನೂ ಕೆಣಕದೆ ಮೂಳೆಯನ್ನು ಮಾತ್ರ ಕಾಯುವ ವಸ್ತು ಪ್ರಕೃತಿಯಲ್ಲೇ ಸಿದ್ಧವಾಗಿದೆಯಲ್ಲವೇ? ಬಲ ಕಡಮೆಯಾದರೂ ಪ್ರಮಾಣ ಹೆಚ್ಚು. ಸೋಯಾ ಉಣ್ಣುವವರ ರಕ್ತದಲ್ಲಿ ಐಸೊಫ್ಲೇವೋನುಗಳು, ಮುಟ್ಟು ನಿಂತವರ ಸ್ವಂತ ಈಸ್ಟ್ರೋಜನ್ನಿಗಿಂತ ಸಾವಿರಾರು ಪಾಲು ಹೆಚ್ಚಾಗಿರಬಲ್ಲವು.

ಉತ್ಸಾಹಕ್ಕೆ ಪೂರ್ವದೇಶಗಳ ಜನಜೀವನವೂ ಇಂಬುಕೊಟ್ಟಿತು. ಜಪಾನಿನ ಸ್ತ್ರೀಯರಲ್ಲಿ ಸೊಂಟದ ಮುರಿತ ಪಾಶ್ಚಾತ್ಯರಿಗಿಂತ ಕಡಮೆ. ಅವರು ತೋಫು, ಮಿಸೊ, ನಾಟ್ಟೊ ಮುಂತಾದ ರೂಪಗಳಲ್ಲಿ ದಿನವೂ ಸೋಯಾ ತಿನ್ನುವವರು. ದಿನಕ್ಕೆ ೨೫ರಿಂದ ೫೦ ಮಿಲಿಗ್ರಾಂ ಐಸೊಫ್ಲೇವೋನು ಅವರ ಹೊಟ್ಟೆಗೆ ಹೋಗುತ್ತದೆ. ಚೀನಾದ ಷಾಂಘೈಯಲ್ಲಿ ಮುಟ್ಟು ನಿಂತ ಸುಮಾರು ೨೪,೦೦೦ ಸ್ತ್ರೀಯರನ್ನು ನಾಲ್ಕೂವರೆ ವರ್ಷಗಳ ಕಾಲ ಗಮನಿಸಿದ ಅಧ್ಯಯನ ೨೦೦೫ರಲ್ಲಿ ಪ್ರಕಟವಾಯಿತು. ಅತ್ಯಂತ ಹೆಚ್ಚು ಸೋಯಾ ತಿನ್ನುವ ಐದನೆಯ ಒಂದು ಪಾಲಿನವರಲ್ಲಿ ಮೂಳೆಮುರಿತ, ಅತ್ಯಂತ ಕಡಮೆ ತಿನ್ನುವವರಿಗಿಂತ ಶೇಕಡಾ ೩೭ರಷ್ಟು ಕಡಮೆಯಿತ್ತು; ಮುಟ್ಟು ನಿಂತ ಮೊದಲ ವರ್ಷಗಳಲ್ಲಿದ್ದವರಲ್ಲಿ ಅಂತರ ಇನ್ನೂ ಹೆಚ್ಚು.

ಇಂತಹ ಲೆಕ್ಕಗಳನ್ನು ಓದುವಾಗ ನಮಗೆ ಒಂದು ಬಗೆಯ ಅಳುಕು ಉಂಟಾಗುತ್ತದೆ. ಸೋಯಾ ತಿನ್ನುವವರು ಸೋಯಾ ತಿನ್ನುವುದರಲ್ಲಿ ಮಾತ್ರ ಇತರರಿಗಿಂತ ಭಿನ್ನರೇ? ಜಪಾನಿನ ಸ್ತ್ರೀಯರ ತೊಡೆಯ ಮೂಳೆಯ ಕತ್ತು ಪಾಶ್ಚಾತ್ಯರದಕ್ಕಿಂತ ಗಿಡ್ಡ. ಸನ್ನೆಕೋಲು ಗಿಡ್ಡವಾದಷ್ಟೂ ಬುಡದ ಮೇಲಿನ ತಿರುಚುಬಲ ಕಡಮೆಯೆಂಬುದು ಪ್ರೌಢಶಾಲೆಯ ಪಾಠ. ಬೆನ್ನುಮೂಳೆಯ ಮುರಿತಗಳಾದರೋ ಜಪಾನೀಯರಲ್ಲಿ ಕಡಮೆಯೇನೂ ಇಲ್ಲ. ಸೋಯಾವೇ ರಕ್ಷಕನಾದರೆ ಅದು ಸೊಂಟವನ್ನು ಕಾದು ಬೆನ್ನನ್ನು ಏಕೆ ಕೈಬಿಡಬೇಕು? ನಾಟ್ಟೊವಿನಲ್ಲಿ ಮೂಳೆಗೆ ಬೇಕಾದ ಕೆ ಜೀವಸತ್ವವೂ ಹೇರಳವಾಗಿದೆ. ಹೀಗೆ ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡಿರುವಾಗ ಬಿಡಿಸುವ ಉಪಾಯ ಒಂದೇ: ಸ್ತ್ರೀಯರನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಭಜಿಸಿ, ಒಂದು ಗುಂಪಿಗೆ ನಿಜವಾದ ಗುಳಿಗೆಯನ್ನೂ ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿಗುಳಿಗೆಯನ್ನೂ ಕೊಟ್ಟು, ಯಾರಿಗೆ ಯಾವುದೆಂದು ಕೊಡುವವರಿಗೂ ತಿಳಿಯದಂತೆ ಮಾಡಿ, ವರ್ಷಗಟ್ಟಲೆ ಕಾದು ಅಳೆಯುವುದು.

ಪ್ರಯೋಗಶಾಲೆಯ ಇಲಿಗಳ ಮೇಲೆ ಫಲ ಆಶಾದಾಯಕವಾಗಿತ್ತು. ಅಂಡಾಶಯ ತೆಗೆದ ಇಲಿಗಳ ಮೂಳೆಯ ಸವೆತವನ್ನು ಜೆನಿಸ್ಟೀನ್ ತಗ್ಗಿಸಿತು. ಸ್ತ್ರೀಯರ ಮೇಲಿನ ಮೊದಲ ಪರೀಕ್ಷೆಗಳೂ ಭರವಸೆ ಕೊಟ್ಟವು. ಅಮೆರಿಕದ ಇಲಿನಾಯ್‌ನಲ್ಲಿ ೬೬ ಸ್ತ್ರೀಯರ ಮೇಲೆ ಆರು ತಿಂಗಳು ನಡೆದು ೧೯೯೮ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ದಿನಕ್ಕೆ ೯೦ ಮಿಲಿಗ್ರಾಂ ಐಸೊಫ್ಲೇವೋನು ಪಡೆದವರ ಬೆನ್ನುಮೂಳೆಯ ಅಳತೆ ತುಸು ಏರಿತು. ಆದರೆ ಒಂದು ಗುಳಿಯನ್ನು ತೋಡಿ ತುಂಬಲು ನಾಲ್ಕು ತಿಂಗಳು ಹಿಡಿಯುವ ಮೂಳೆಯಲ್ಲಿ ಆರು ತಿಂಗಳ ಅಳತೆ ಏನನ್ನು ಹೇಳಬಲ್ಲದು? ದೀರ್ಘಕಾಲದ ಪರೀಕ್ಷೆಗಳು ಮುಂದೆ ನಡೆದವು. ಅವುಗಳಲ್ಲಿ ಮಯಾಮಿ ನಗರದ್ದು ಮುಖ್ಯವಾದುದು; ೨೦೧೧ರಲ್ಲಿ ಪ್ರಕಟವಾಯಿತು. ಮುಟ್ಟು ನಿಂತು ಐದು ವರ್ಷಗಳೊಳಗಿನ ೨೪೮ ಸ್ತ್ರೀಯರು, ಎರಡು ವರ್ಷ, ದಿನಕ್ಕೆ ೨೦೦ ಮಿಲಿಗ್ರಾಂ. ಇದು ಜಪಾನೀಯರ ದಿನನಿತ್ಯದ ಪ್ರಮಾಣಕ್ಕಿಂತ ಎಷ್ಟೋ ಹೆಚ್ಚು. ಎರಡು ವರ್ಷಗಳ ಕೊನೆಗೆ ಬೆನ್ನುಮೂಳೆಯ ಸವೆತ ಸೋಯಾ ಗುಂಪಿನಲ್ಲಿ ಶೇಕಡಾ ೨.೦, ಹುಸಿಗುಳಿಗೆಯ ಗುಂಪಿನಲ್ಲಿ ಶೇಕಡಾ ೨.೩. ಈ ವ್ಯತ್ಯಾಸ ಅಳತೆಯ ದೋಷದೊಳಗೇ ಅಡಗುವಂತಹದು. ಅಷ್ಟೇ ಅಲ್ಲ, ಮೈ ಕಾವೇರಿ ಬೆವರುವ ತೊಂದರೆ ಸೋಯಾ ಪಡೆದವರಲ್ಲೇ ಹೆಚ್ಚಾಗಿತ್ತು. ಇದಕ್ಕೆ ಒಂದು ವರ್ಷ ಮೊದಲು, ೮೦ ಮತ್ತು ೧೨೦ ಮಿಲಿಗ್ರಾಂಗಳನ್ನು ಮೂರು ವರ್ಷ ಕೊಟ್ಟು ನೋಡಿದ ಇನ್ನೊಂದು ಅಮೆರಿಕನ್ ಪರೀಕ್ಷೆಯಲ್ಲಿಯೂ ಬೆನ್ನುಮೂಳೆಗೆ ಪ್ರಯೋಜನ ಕಾಣಲಿಲ್ಲ.

ಇದಕ್ಕೆ ವಿರುದ್ಧವಾಗಿ ನಿಂತಿರುವುದು ಇಟಲಿಯ ಪರೀಕ್ಷೆ. ಮೆಸ್ಸಿನಾದ ಶಾಸ್ತ್ರಜ್ಞರು ೨೦೦೭ರಲ್ಲಿ ಪ್ರಕಟಿಸಿದ ಇದರಲ್ಲಿ ೩೮೯ ಸ್ತ್ರೀಯರಿದ್ದರು. ಎಲ್ಲರ ಮೂಳೆಯೂ ಮೊದಲೇ ತೆಳುವಾಗಿತ್ತು. ಒಂದು ಗುಂಪಿಗೆ ಶುದ್ಧ ಜೆನಿಸ್ಟೀನನ್ನು ದಿನಕ್ಕೆ ೫೪ ಮಿಲಿಗ್ರಾಂನಂತೆ ಕೊಟ್ಟರು. ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವಗಳನ್ನು ಎರಡು ಗುಂಪಿಗೂ ಕೊಟ್ಟರು. ಎರಡು ವರ್ಷಗಳ ಬಳಿಕ ಜೆನಿಸ್ಟೀನ್ ಗುಂಪಿನವರ ಬೆನ್ನು ಮತ್ತು ಸೊಂಟ ಎರಡರ ಅಳತೆಯೂ ಏರಿತ್ತು; ಇನ್ನೊಂದು ಗುಂಪಿನವರದು ಇಳಿದಿತ್ತು. ಇದು ಸಡಿಲವಾದ ಕೆಲಸವೆಂದು ತಳ್ಳಿಹಾಕುವಂತಿಲ್ಲ. ಆದರೆ ಮುರಿತಗಳು ಕಡಮೆಯಾದುವೆಂದು ಇಂತಹ ಯಾವ ಪರೀಕ್ಷೆಯೂ ಇದುವರೆಗೆ ತೋರಿಸಿಲ್ಲ. ರೋಗಿಗೆ ಬೇಕಾದುದು ಯಂತ್ರದ ಮೇಲಿನ ಅಂಕಿಯಲ್ಲ, ಮುರಿಯದ ಸೊಂಟ. ಈ ಮಾತಿಗೆ ಹೋಲಿಕೆಯಾಗಿ ಅಲೆಂಡ್ರೊನೇಟ್ ಎಂಬ ಔಷಧವನ್ನು ನೋಡಬಹುದು: ಬೆನ್ನುಮೂಳೆ ಒಮ್ಮೆ ಮುರಿದಿದ್ದ ಸ್ತ್ರೀಯರಲ್ಲಿ ಅದು ಸೊಂಟದ ಮುರಿತವನ್ನು ಸುಮಾರು ಅರ್ಧಕ್ಕಿಳಿಸಿತೆಂದು ೧೯೯೬ರಲ್ಲಿಯೇ ಸ್ಥಾಪಿತವಾಯಿತು.

ಪ್ರಯೋಗಶಾಲೆಯಲ್ಲಿ ಅಷ್ಟು ಚೆನ್ನಾಗಿ ಕಂಡದ್ದು ಸ್ತ್ರೀಯರಲ್ಲಿ ಹೀಗೇಕೆ ಮಂಕಾಯಿತು? ಇಲ್ಲಿ ಈಕ್ವಾಲ್ ಮತ್ತೆ ಕಾಣಿಸಿಕೊಳ್ಳುತ್ತದೆ. ಸೋಯಾದ ಡೈಡ್ಸೀನನ್ನು ಕರುಳಿನ ಕೆಲವು ಬ್ಯಾಕ್ಟೀರಿಯಗಳು ಈಕ್ವಾಲಾಗಿ ಮಾರ್ಪಡಿಸುತ್ತವೆ. ಈಕ್ವಾಲ್ ತನ್ನ ತಾಯಿವಸ್ತುವಿಗಿಂತ ಪ್ರಬಲವಾದುದು. ಆದರೆ ಈ ಬ್ಯಾಕ್ಟೀರಿಯಗಳು ಎಲ್ಲರ ಕರುಳಿನಲ್ಲಿಯೂ ಇಲ್ಲ. ಜಪಾನೀಯರಲ್ಲಿ ಸುಮಾರು ಅರ್ಧದಷ್ಟು ಜನ ಈಕ್ವಾಲನ್ನು ತಯಾರಿಸಬಲ್ಲರು. ಪಾಶ್ಚಾತ್ಯರಲ್ಲಿ ನಾಲ್ವರಿಗೊಬ್ಬರು, ಹೆಚ್ಚೆಂದರೆ ಮೂವರಿಗೊಬ್ಬರು. ಇಲಿಗಳಾದರೋ ಎಲ್ಲವೂ ತಯಾರಿಸುತ್ತವೆ! ಒಂದೇ ಗುಳಿಗೆಯನ್ನು ನುಂಗಿದ ಇಬ್ಬರು ಸ್ತ್ರೀಯರ ರಕ್ತದಲ್ಲಿ ಎರಡು ಬೇರೆ ಔಷಧಗಳಿದ್ದಂತೆ ಆಗುತ್ತದೆಂದು ಇದರ ಅರ್ಥ. ಎರಡನೆಯ ಕಾರಣ ಗ್ರಾಹಕಗಳದು. ಜೆನಿಸ್ಟೀನಿಗೆ ಬೀಟಾದ ಮೇಲೆ ಒಲವೆಂಬುದನ್ನು ಮೊದಲು ವರವೆಂದು ಎಣಿಸಲಾಯಿತು. ಆದರೆ ಮೂಳೆಯಲ್ಲಿಯೂ ಸವೆತವನ್ನು ತಡೆಯುವ ಮುಖ್ಯ ಕಾರ್ಯ ಆಲ್ಫಾದ್ದೇ ಎಂದು ಮುಂದಿನ ಸಂಶೋಧನೆಗಳು ತೋರಿಸಿದವು. ಸ್ತನವನ್ನು ಕೆಣಕದಿರುವ ಗುಣವೇ ಮೂಳೆಯನ್ನು ಕಾಯಲಾರದ ದೌರ್ಬಲ್ಯವೂ ಆಗಿರಬಹುದು. ಇನ್ನು ಷಾಂಘೈಯ ಹೆಂಗಸರು ಸೋಯಾ ತಿಂದದ್ದು ಬಾಲ್ಯದಿಂದ, ಊಟದಲ್ಲಿ. ಮಯಾಮಿಯವರು ತಿಂದದ್ದು ಐವತ್ತು ದಾಟಿದ ಮೇಲೆ, ಗುಳಿಗೆಯಲ್ಲಿ. ಮೂವತ್ತರೊಳಗೆ ಮೂಳೆ ತನ್ನ ಶಿಖರವನ್ನು ಮುಟ್ಟಿಬಿಡುತ್ತದೆ. ಕಟ್ಟುವ ಕಾಲದಲ್ಲಿ ನೆರವಾಗುವ ವಸ್ತು ಕೆಡವುವ ಕಾಲದಲ್ಲಿಯೂ ನೆರವಾಗಬೇಕೆಂಬ ನಿಯಮವೇನಿಲ್ಲ.

ಇತರ ಸಸ್ಯವಸ್ತುಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಐಸೊಫ್ಲೇವೋನಿನ ಮಾದರಿಯಲ್ಲಿ ಕೃತಕವಾಗಿ ತಯಾರಿಸಿದ ಇಪ್ರಿಫ್ಲೇವೋನ್ ಎಂಬುದನ್ನು ಯುರೋಪಿನಲ್ಲಿ ೪೭೪ ಸ್ತ್ರೀಯರ ಮೇಲೆ ಪರೀಕ್ಷಿಸಿದರು. ೨೦೦೧ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂಳೆಗೆ ಲಾಭವಾಗಲಿಲ್ಲ, ಕೆಲವರ ರಕ್ತದಲ್ಲಿ ಬಿಳಿಯ ಕಣಗಳು ಕಡಮೆಯಾದವು. ನಮ್ಮ ಉತ್ತರ ಕರ್ನಾಟಕದವರು ರೊಟ್ಟಿಗೆ ಹಚ್ಚಿಕೊಳ್ಳುವ ಅಗಸೆಯ ಹಿಂಡಿಯಲ್ಲಿ ಲಿಗ್ನಾನುಗಳೆಂಬ ಇನ್ನೊಂದು ಜಾತಿಯ ಸಸ್ಯಜನ್ಯ ಈಸ್ಟ್ರೋಜನ್ನುಗಳು ಸಮೃದ್ಧವಾಗಿವೆ. ಕೆನಡಾದಲ್ಲಿ ದಿನಕ್ಕೆ ೪೦ ಗ್ರಾಂ ಅಗಸೆಯನ್ನು ಒಂದು ವರ್ಷ ತಿನ್ನಿಸಿ ನೋಡಿದರೂ ಮೂಳೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಿಂಡಿಯನ್ನು ಬಿಡಬೇಕಾಗಿಲ್ಲ, ಅದರ ರುಚಿಗಾಗಿಯೇ ತಿನ್ನಬಹುದು. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಮುತ್ತುಗದ ತೊಗಟೆಯಿಂದಲೂ ಬೀಟೆಯ ಬಳಗಕ್ಕೆ ಸೇರಿದ ಶೀಶಮ್ ಮರದ ಎಲೆಯಿಂದಲೂ ಇಂತಹ ವಸ್ತುಗಳನ್ನು ಬೇರ್ಪಡಿಸಿದ್ದಾರೆ. ಇವುಗಳಲ್ಲಿ ಕೆಲವು ಭಂಜಕ ಕೋಶಗಳನ್ನು ತಡೆಯುವುದಕ್ಕಿಂತ ರಚಕ ಕೋಶಗಳನ್ನು ಹುರಿದುಂಬಿಸುವ ಗುಣವನ್ನು ಇಲಿಗಳಲ್ಲಿ ತೋರಿಸಿವೆ. ಇಲಿಗಳಲ್ಲಿ ಎಂಬ ಮಾತಿಗೆ ಎಷ್ಟು ತೂಕ ಕೊಡಬೇಕೆಂಬುದನ್ನು ವಾಚಕರು ಈಗ ಬಲ್ಲರು.

ಹಾಗಾದರೆ ನಾಲ್ವತ್ತೈದು ದಾಟಿದ ಗೃಹಿಣಿ ಸೋಯಾ ತಿನ್ನಬೇಕೇ ಬೇಡವೇ? ಆಹಾರವಾಗಿ ತಿನ್ನುವುದಕ್ಕೆ ಅಡ್ಡಿಯಿಲ್ಲ. ಅದು ಒಳ್ಳೆಯ ಪ್ರೋಟೀನು. ಆದರೆ ಸೋಯಾ ಎಣ್ಣೆಯಲ್ಲಿ ಐಸೊಫ್ಲೇವೋನು ಇಲ್ಲವೆನ್ನುವಷ್ಟು ಕಡಮೆ. ಎಣ್ಣೆ ತೆಗೆದ ಹಿಟ್ಟಿನಿಂದ ಮಾಡುವ, ನಮ್ಮ ಅಂಗಡಿಗಳಲ್ಲಿ ಮೀಲ್‌ಮೇಕರ್ ಎಂದು ಮಾರುವ ಉಂಡೆಗಳಲ್ಲಿ ಅದು ಉಳಿದಿರುತ್ತದೆ. ಮೂಳೆಯ ಮಟ್ಟಿಗೆ ಹೇಳುವುದಾದರೆ ಹಳೆಯ ಮೈಸೂರಿನ ರಾಗಿಯ ಮುದ್ದೆಯ ಪರವಾದ ವಾದ ಸೋಯಾದ ವಾದಕ್ಕಿಂತ ಸರಳವಾದುದು: ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ದಿನದ ಅಗತ್ಯ ಒಂದು ಗ್ರಾಂ ಅಥವಾ ತುಸು ಹೆಚ್ಚು. ರಾಗಿಯಲ್ಲಿನ ಫೈಟೇಟು ಅದರಲ್ಲಿ ಕೊಂಚವನ್ನು ಹಿಡಿದಿಟ್ಟುಕೊಳ್ಳುವುದು ನಿಜವೇ. ಮೊಳಕೆ ಕಟ್ಟಿದರೆ ಆ ಹಿಡಿತ ಸಡಿಲಗೊಳ್ಳುತ್ತದೆ. ಇದರ ಜೊತೆಗೆ ಹಾಲುಮಜ್ಜಿಗೆ, ಬಿಸಿಲಿನಿಂದ ಬರುವ ಡಿ ಜೀವಸತ್ವ, ಕಾಲ ಮೇಲೆ ಭಾರ ಬೀಳುವಂತಹ ನಡಿಗೆ. ಭಾರದ ಮಹತ್ವಕ್ಕೆ ಆಕಾಶಯಾನಿಗಳೇ ಸಾಕ್ಷಿ: ತೂಕವಿಲ್ಲದ ಸ್ಥಿತಿಯಲ್ಲಿ ಅವರ ಸೊಂಟದ ಮೂಳೆ ತಿಂಗಳಿಗೆ ಶೇಕಡಾ ೧ಕ್ಕಿಂತ ಹೆಚ್ಚು ಸವೆಯುತ್ತದೆ, ಮುಟ್ಟು ನಿಂತ ಸ್ತ್ರೀಯರಲ್ಲಿ ಒಂದು ವರ್ಷದಲ್ಲಿ ಆಗುವ ನಷ್ಟ ಅಲ್ಲಿ ಎರಡೇ ತಿಂಗಳಲ್ಲಿ ಆಗುತ್ತದೆ.

ಗುಳಿಗೆಯನ್ನು ಕೊಳ್ಳಲೇಬೇಕೆನ್ನುವವರು ಡಬ್ಬಿಯ ಮೇಲಿನ ಅಂಕಿಯನ್ನು ಎಚ್ಚರಿಕೆಯಿಂದ ಓದಬೇಕು. ಸಸ್ಯದಲ್ಲಿ ಜೆನಿಸ್ಟೀನ್ ಸಕ್ಕರೆಯ ಅಣುವೊಂದಕ್ಕೆ ಅಂಟಿಕೊಂಡು ಜೆನಿಸ್ಟಿನ್ ಎಂಬ ರೂಪದಲ್ಲಿರುತ್ತದೆ. ಜೆನಿಸ್ಟಿನ್ನಿನ ಅಣುತೂಕ ೪೩೨, ಬಿಡಿಯಾದ ಜೆನಿಸ್ಟೀನಿನದು ೨೭೦. ಡಬ್ಬಿಯ ಮೇಲೆ ೧೦೦ ಮಿಲಿಗ್ರಾಂ ಎಂದಿದ್ದು ಅದು ಸಕ್ಕರೆ ಸೇರಿದ ತೂಕವಾಗಿದ್ದರೆ ನಿಜವಾದ ವಸ್ತು ೬೨ ಮಿಲಿಗ್ರಾಂ ಮಾತ್ರ. ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು ವೈದ್ಯರನ್ನು ಕೇಳದೆ ಇಂತಹ ಗುಳಿಗೆಗಳನ್ನು ಮುಟ್ಟಬಾರದು. ಥೈರಾಯ್ಡ್ ಗ್ರಂಥಿಯ ದೌರ್ಬಲ್ಯಕ್ಕಾಗಿ ದಿನವೂ ಬೆಳಗ್ಗೆ ಥೈರಾಕ್ಸಿನ್ ನುಂಗುವ ಸ್ತ್ರೀಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಸೋಯಾ ಆ ಔಷಧವು ಕರುಳಿನಿಂದ ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆಯಾದ್ದರಿಂದ, ಅವರು ಥೈರಾಕ್ಸಿನ್ನಿಗೂ ಸೋಯಾಕ್ಕೂ ನಡುವೆ ಕೆಲವು ಗಂಟೆಗಳ ಅಂತರವನ್ನಿಡುವುದು ಅವಶ್ಯ.